ನವೆಂಬರಿನ ಮಾವಿನಹಣ್ಣು

ಹೋದ ವರ್ಷ ನವೆಂಬರ್‌ನಲ್ಲಿ ನಮ್ಮ ಮನೆಯೊಳಗೆ ಮಾವಿನಹಣ್ಣಿನ ವಾಸನೆ ಬರೋಕೆ ಶುರುವಾಯಿತು.

ಮೊದಲು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮಗಳ ಶಾಂಪೂ ಇರಬಹುದು, ನೆಲ ಒರೆಸುವ ಹೊಸ ಫಿನಾಯಿಲ್ ಇರಬಹುದು ಅಂದುಕೊಂಡೆ. ಈಗ ಫಿನಾಯಿಲೂ ಹಣ್ಣಿನ ವಾಸನೆಯಲ್ಲೇ ಬರುತ್ತದೆ ಅಲ್ವಾ. ಆದರೆ ಹಾಲ್‌ನ ಮೂಲೆಯಲ್ಲಿದ್ದ ಏರ್ ಪ್ಯೂರಿಫೈಯರ್ ಸುಮ್ಮನಿರಲಿಲ್ಲ. ಹಸಿರು ದೀಪ ಹಾಕಿಕೊಂಡು ತೆಪ್ಪಗೆ ಕೂತಿದ್ದದ್ದು ಇದ್ದಕ್ಕಿದ್ದ ಹಾಗೆ ಕೆಂಪಗಾಗಿ, ಗುಯ್ ಅಂತ ಜೋರಾಗಿ ತಿರುಗತೊಡಗಿತು. ಗಾಳಿಯಲ್ಲಿ ಎಷ್ಟು ಕಣ ಇದೆ ಅಂತ ತೋರಿಸುವ ಅದರ ಪುಟ್ಟ ಪರದೆ ಮೇಲೆ 31 ಅಂತಿದ್ದ ಅಂಕಿ 180 ಆಯಿತು, 240 ಆಯಿತು. ಅಡುಗೆಮನೆಯಲ್ಲಿ ಒಗ್ಗರಣೆ ಇರಲಿಲ್ಲ. ಅಮ್ಮನ ಪೂಜೆ ಮುಗಿದು ಮೂರು ಗಂಟೆಯಾಗಿತ್ತು. ನಾನು ಎದ್ದು ಸುತ್ತ ನೋಡುವಷ್ಟರಲ್ಲಿ ಅಂಕಿ ತಾನಾಗೇ ಇಳಿದು, ದೀಪ ಮತ್ತೆ ಹಸಿರಾಯಿತು.

ನಾಲ್ಕೈದು ದಿನ ಹೀಗೇ ನಡೆಯಿತು. ಪ್ರತಿ ಸಲವೂ ರಾತ್ರಿ ಹತ್ತರ ಮೇಲೆ. ಪ್ರತಿ ಸಲವೂ ಅಕ್ಕನ ಮಗ ಆಫೀಸಿನಿಂದ ಬಂದು, ಊಟ ಮುಗಿಸಿ, ರೂಮಿನ ಬಾಗಿಲು ಹಾಕಿಕೊಂಡ ಮೇಲೆ. ಪ್ಯೂರಿಫೈಯರ್ ಇರೋದು ಅವನ ಬಾಗಿಲ ಪಕ್ಕದಲ್ಲೇ. ಆ ಬಾಗಿಲ ಕೆಳಗೆ ಒಂದು ಬೆರಳು ತೂರುವಷ್ಟು ಸಂದು ಇದೆ.

ಆರನೇ ದಿನ ಬಾಗಿಲು ತಟ್ಟಿದೆ. ತೆಗೆಯೋಕೆ ಸ್ವಲ್ಪ ಹೊತ್ತು ಹಿಡಿಯಿತು. ತೆಗೆದಾಗ ಫ್ಯಾನು ಐದರಲ್ಲಿ ತಿರುಗುತ್ತಿತ್ತು. ನವೆಂಬರ್ ಚಳಿಯಲ್ಲಿ! ಹಾಸಿಗೆ ಮೇಲೆ ಹೈಲೈಟರ್ ಪೆನ್ನಿಗಿಂತ ಸ್ವಲ್ಪ ದಪ್ಪಗಿನ, ಹಳದಿ ಕಿತ್ತಳೆ ಬಣ್ಣದ ಒಂದು ವಸ್ತು ಬಿದ್ದಿತ್ತು. ಮಗಳ ಆಟದ ಸಾಮಾನಿನ ಬುಟ್ಟಿಗೆ ಹಾಕಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

"ಮಾವ, ಇದು ಸಿಗರೇಟಲ್ಲ, ವೇಪ್. ಬರೀ ಸ್ಟೀಮ್ ಅಷ್ಟೇ" ಅಂದ.

ವೇಪ್ ಅಂದರೆ ಇ-ಸಿಗರೇಟು, ದ್ರವ ಕಾಯಿಸಿ ಅದರ ಮಂಜು ಎಳೆಯುವ ಸಾಧನ. ನನಗೆ ಬೈಯೋಕೆ ಬಾಯಿ ಬರಲಿಲ್ಲ. ಇಪ್ಪತ್ಮೂರು ವರ್ಷದ ಹುಡುಗ, ಕೆಲಸಕ್ಕೆ ಸೇರಿ ಆರು ತಿಂಗಳಾಗಿದೆ. ತಿಂಗಳಿಗೊಮ್ಮೆ ಅಜ್ಜಿಗೆ ಮಲ್ಲಿಗೆ ಹೂವು ತಂದುಕೊಡುವಷ್ಟು ಒಳ್ಳೆಯವನು. "ಒಳಗೆ ಬೇಡ ಕಣೋ, ಪುಟ್ಟಿಗೆ ವೀಸಿಂಗ್ ಇದೆಯಲ್ಲ" ಅಂತಷ್ಟೇ ಹೇಳಿ ಬಂದೆ. ಆದರೆ ಆ "ಬರೀ ಸ್ಟೀಮ್" ಅನ್ನೋದು ತಲೆಯಲ್ಲಿ ಉಳಿಯಿತು.

ಪ್ಯೂರಿಫೈಯರ್ ಬಂದದ್ದೂ ಮಗಳಿಗಾಗಿಯೇ. ಎಂಟು ವರ್ಷದವಳು. ಚಳಿಗಾಲ ಬಂತೆಂದರೆ ಎದೆಯಲ್ಲಿ ಕುಂಯ್ ಕುಂಯ್ ಶುರು. ಮನೆಯಲ್ಲಿ ನೆಬುಲೈಸರ್ ಇದೆ, ಸ್ಪೇಸರ್ ಇರುವ ಇನ್ಹೇಲರ್ ಇದೆ. ಆ ನವೆಂಬರಿನಲ್ಲಿ ಎರಡು ರಾತ್ರಿ ನೆಬುಲೈಸರ್ ಹಾಕಬೇಕಾಯಿತು. ಅದಕ್ಕೆ ಹುಡುಗನ ಮಾವಿನಹಣ್ಣೇ ಕಾರಣ ಅಂತ ನಾನು ಹೇಳೋದಿಲ್ಲ. ಸ್ಕೂಲಿನಿಂದ ತಂದ ನೆಗಡಿಯೂ ಇತ್ತು, ಚಳಿಯೂ ಇತ್ತು.

ಇನ್ನೊಂದು ವಿಷಯ ಇದೆ. ಬೆಂಗಳೂರಿನಲ್ಲಿ ಮನೆ ಮಾಡಿದವರಿಗೆಲ್ಲ ಗೊತ್ತು, ಸಂಜೆ ಐದೂವರೆ ಆಯಿತೆಂದರೆ "ಕಿಟಕಿ ಹಾಕ್ರೋ, ಸೊಳ್ಳೆ ಬರುತ್ತೆ" ಅಂತ ಒಂದು ಕೂಗು ಏಳುತ್ತದೆ. ನಮ್ಮಲ್ಲಿ ಆ ಕೂಗು ಅಮ್ಮನದು. ಅಲ್ಲಿಂದ ಬೆಳಗ್ಗೆ ಹಾಲು ತರೋಕೆ ಬಾಗಿಲು ತೆಗೆಯುವ ತನಕ ಮನೆಯ ಗಾಳಿ ಅದೇ ಗಾಳಿ. ಹನ್ನೆರಡು ಗಂಟೆ ಐದು ಜನ ಅದನ್ನೇ ಉಸಿರಾಡಿ, ಅದರಲ್ಲೇ ಒಗ್ಗರಣೆ ಹಾಕಿ, ಅದರಲ್ಲೇ ಊದುಬತ್ತಿ ಹಚ್ಚಿ, ಅದರಲ್ಲೇ ನಿದ್ದೆ ಹೋಗುತ್ತೇವೆ. ಇಂಥ ಮನೆಯಲ್ಲಿ ಒಬ್ಬ ಬಿಟ್ಟ ಉಸಿರು ಅವನ ರೂಮಿನಲ್ಲೇ ಉಳಿಯುತ್ತದೆ ಅಂದುಕೊಳ್ಳೋದು ದಡ್ಡತನ.

ಸರಿ, ಸ್ಟೀಮ್ ವಿಷಯಕ್ಕೆ ಬರೋಣ. ಅದರಲ್ಲಿ ನೀರಾವಿ ಅನ್ನುವಂಥದ್ದು ಹೆಚ್ಚೇನೂ ಇಲ್ಲ. ಇ-ಸಿಗರೇಟಿನೊಳಗಿನ ದ್ರವದ ಬಹುಪಾಲು ಎರಡು ವಸ್ತು: ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಮೇಲೆ ನಿಕೋಟಿನ್, ಮೇಲೆ ಹಣ್ಣಿನ ಫ್ಲೇವರ್. ಮೊದಲನೆಯದನ್ನು ನೀವು ನೋಡಿರುತ್ತೀರಿ, ಹೆಸರು ಗೊತ್ತಿಲ್ಲದೆ. ಆರ್ಕೆಸ್ಟ್ರಾದಲ್ಲಿ, ಕಾಲೇಜ್ ಡೇ ಸ್ಟೇಜಿನಲ್ಲಿ ಫಾಗ್ ಮಶೀನ್ ಬಿಡುವ ಬಿಳಿ ಮಂಜಿನಲ್ಲಿ ಇರೋದು ಬಹಳ ಸಲ ಇದೇ ಜಾತಿಯ ಗ್ಲೈಕಾಲ್. ಗ್ಲಿಸರಿನ್ ಅಂತೂ ಕೆಮ್ಮಿನ ಸಿರಪ್‌ನಲ್ಲಿ, ಕೇಕಿನ ಐಸಿಂಗ್‌ನಲ್ಲಿ ಇರುತ್ತದೆ. ಹುಡುಗ ಇದನ್ನೇ ಹಿಡಿದು ವಾದ ಮಾಡಿದ. "ಎರಡೂ ತಿನ್ನೋ ಪದಾರ್ಥ ಮಾವ, ಫುಡ್ ಗ್ರೇಡ್."

ತಿನ್ನೋಕೆ ಆಗುವುದೆಲ್ಲ ಉಸಿರಾಡೋಕೂ ಆಗುತ್ತದಾ? ಬ್ಯಾಡಗಿ ಮೆಣಸಿನಕಾಯಿ ಸಾರಿಗೆ ಬೇಕೇ ಬೇಕು. ಅದೇ ಮೆಣಸಿನಕಾಯಿ ಒಗ್ಗರಣೆಯಲ್ಲಿ ಕರಕಲಾದರೆ ಮನೆಮಂದಿಯೆಲ್ಲ ಕೆಮ್ಮುತ್ತಾ ಬಾಲ್ಕನಿಗೆ ಓಡುತ್ತೇವೆ. ಹೊಟ್ಟೆಯ ದಾರಿ ಬೇರೆ, ಪುಪ್ಪುಸದ ದಾರಿ ಬೇರೆ. ಅಮೆರಿಕದ ಮಿಸೌರಿಯ ಜಾಸ್ಪರ್ ಅನ್ನುವ ಊರಿನಲ್ಲಿ ಒಂದು ಪಾಪ್‌ಕಾರ್ನ್ ಫ್ಯಾಕ್ಟರಿ ಇತ್ತು. ಅಲ್ಲಿ ಕೆಲಸ ಮಾಡಿದ್ದ 8 ಜನರ ಪುಪ್ಪುಸದ ಸಣ್ಣ ನಾಳಗಳು ಗಾಯದ ಕಲೆ ಕಟ್ಟಿ ಮುಚ್ಚಿಹೋಗುವ ಕಾಯಿಲೆ 2000ದಲ್ಲಿ ಬೆಳಕಿಗೆ ಬಂತು. ಬೆಣ್ಣೆಯ ಪರಿಮಳ ಕೊಡುವ ಡಯಾಸಿಟೈಲ್ ಅನ್ನುವ ಫ್ಲೇವರಿನ ಮೇಲೆ ಬೆರಳು ಹೋಯಿತು. ತಿನ್ನುವವರಿಗೆ ಏನೂ ಆಗಿರಲಿಲ್ಲ, ಅದರ ಆವಿ ಕುಡಿದವರಿಗೆ ಆಯಿತು. 2015ರಲ್ಲಿ ಹಾರ್ವರ್ಡ್‌ನವರು 51 ಇ-ಸಿಗರೇಟ್ ಫ್ಲೇವರ್‌ಗಳನ್ನು ಪರೀಕ್ಷೆ ಮಾಡಿದಾಗ 39ರಲ್ಲಿ ಇದೇ ಡಯಾಸಿಟೈಲ್ ಸಿಕ್ಕಿತು. ಹಾಗಂತ ವೇಪ್ ಎಳೆದವರಿಗೆಲ್ಲ ಪಾಪ್‌ಕಾರ್ನ್ ಕಾಯಿಲೆ ಬರುತ್ತದೆ ಅಂತ ವಾಟ್ಸಾಪ್‌ನಲ್ಲಿ ಓಡಾಡುವುದನ್ನು ನಾನು ನಂಬುವುದಿಲ್ಲ. ಆದರೆ "ತಿನ್ನೋ ಪದಾರ್ಥ" ಅನ್ನುವ ವಾದ ಮಾತ್ರ ಅಲ್ಲಿಗೇ ಮುಗಿಯಿತು.

ಮತ್ತೊಂದು ಘಾಟಿನ ವಿಷಯ. ಪೂರಿ ಕರಿಯುವಾಗ ಎಣ್ಣೆ ಮರೆತು ಬಿಟ್ಟರೆ ಬಾಣಲಿಯಿಂದ ನೀಲಿ ಹೊಗೆ ಎದ್ದು ಕಣ್ಣು ಉರಿಯುತ್ತದಲ್ಲ, ಗಂಟಲಲ್ಲಿ ಕೆರೆತ ಬರುತ್ತದಲ್ಲ, ಆ ಘಾಟಿನ ಹೆಸರು ಆಕ್ರೋಲೀನ್. ಎಣ್ಣೆಯೊಳಗಿನ ಗ್ಲಿಸರಿನ್ ವಿಪರೀತ ಕಾದು ಒಡೆದಾಗ ಹುಟ್ಟುವ ವಸ್ತು. ವೇಪಿನೊಳಗೂ ಇರೋದು ಗ್ಲಿಸರಿನ್, ಅದನ್ನು ಕಾಯಿಸೋದು ಒಂದು ಸಣ್ಣ ತಂತಿಯ ಸುರುಳಿ. ದ್ರವ ಕಡಿಮೆಯಾಗಿ ಸುರುಳಿಯ ಬತ್ತಿ ಒಣಗಿದರೆ ಆಕ್ರೋಲೀನೂ ಬರುತ್ತದೆ, ಫಾರ್ಮಾಲ್ಡಿಹೈಡೂ ಬರುತ್ತದೆ. "ಹ್ಞೂಂ, ಲಾಸ್ಟ್‌ನಲ್ಲಿ ಒಂಥರಾ ಸುಟ್ಟ ಟೇಸ್ಟ್ ಬರುತ್ತೆ" ಅಂತ ಹುಡುಗನೇ ಒಪ್ಪಿಕೊಂಡ. ಸುರುಳಿಯ ಲೋಹವೂ ಸ್ವಲ್ಪ ಸ್ವಲ್ಪ ಬರುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ದಿನಾ ವೇಪ್ ಮಾಡುವ 56 ಜನರ ಸಾಧನಗಳನ್ನೇ ತರಿಸಿಕೊಂಡು ನೋಡಿ 2018ರಲ್ಲಿ ಬರೆದರು: ಮಂಜಿನಲ್ಲಿ ಸೀಸ, ನಿಕ್ಕಲ್, ಕ್ರೋಮಿಯಂ ಇತ್ತು.

ಹುಡುಗನ ಪರವಾಗಿಯೂ ಒಂದು ಮಾತು ಹೇಳಬೇಕು. ಇದು ಸಿಗರೇಟಿನ ಹೊಗೆಯ ಹಾಗಲ್ಲ, ಅದು ನಿಜ. ಸಿಗರೇಟು ಸೇದುವವನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಾಗಲೂ ಅದರ ತುದಿ ಉರಿಯುತ್ತಲೇ ಇರುತ್ತದೆ. ಪಕ್ಕದವನು ಕುಡಿಯುವ ಹೊಗೆಯಲ್ಲಿ ಶೇಕಡಾ 85ರಷ್ಟು ಆ ತುದಿಯದ್ದೇ. ವೇಪಿಗೆ ತುದಿಯೇ ಇಲ್ಲ. ಎಳೆದಾಗ ಮಾತ್ರ ಕಾಯುತ್ತದೆ, ಬಿಟ್ಟಾಗ ಆರುತ್ತದೆ. ಅಲ್ಲಿ ಉರಿಯುವ ಸೊಪ್ಪಿಲ್ಲ, ಟಾರ್ ಅನ್ನುವ ಅಂಟು ಮಸಿ ಇಲ್ಲ, ಕಾರ್ಬನ್ ಮೊನಾಕ್ಸೈಡ್ ಇಲ್ಲವೆನ್ನುವಷ್ಟು ಕಡಿಮೆ. ಕೋಣೆಗೆ ಬರೋದು ಎಳೆದವನು ಒಳಗೆ ಇಟ್ಟುಕೊಳ್ಳದೆ ಹೊರಗೆ ಬಿಟ್ಟದ್ದು ಮಾತ್ರ.

ಆ ಬಿಟ್ಟದ್ದು ಏನು? ಹನಿ. ಒಂದು ಮೈಕ್ರಾನಿಗಿಂತ ಚಿಕ್ಕ ಹನಿಗಳು. ತಲೆಕೂದಲಿನ ದಪ್ಪ ಸುಮಾರು 60 ಮೈಕ್ರಾನ್, ಲೆಕ್ಕ ನೀವೇ ಹಾಕಿ. ಈ ಹನಿಗಳು ಗಾಳಿಯಲ್ಲಿ ಬೇಗ ಆರುತ್ತವೆ. ಸಿಗರೇಟಿನ ಕಣಗಳು ಅರ್ಧ ಗಂಟೆ, ಮುಕ್ಕಾಲು ಗಂಟೆ ಕೋಣೆಯಲ್ಲಿ ತೇಲಿಕೊಂಡಿದ್ದರೆ, ಇವು ಸೆಕೆಂಡುಗಳಲ್ಲಿ, ಹೆಚ್ಚೆಂದರೆ ಕೆಲವು ನಿಮಿಷಗಳಲ್ಲಿ ಕರಗುತ್ತವೆ. ನಮ್ಮ ಪ್ಯೂರಿಫೈಯರ್ ಕೆಂಪಾದಷ್ಟೇ ಬೇಗ ಹಸಿರಾಗುತ್ತಿದ್ದದ್ದು ಇದಕ್ಕೇ. ಅದರೊಳಗಿನ ಸೆನ್ಸರ್ ಲೇಸರ್ ಬೆಳಕು ಬಿಟ್ಟು, ಚದುರಿದ ಬೆಳಕಿನಿಂದ ಕಣ ಲೆಕ್ಕ ಹಾಕುತ್ತದೆ. ಹನಿ ಇದ್ದರೆ ಎಣಿಸುತ್ತದೆ. ಆರಿ ಆವಿಯಾದರೆ ಅದರ ಪಾಲಿಗೆ ಏನೂ ಇಲ್ಲ.

ಬೀರುವಿನಲ್ಲಿ ಸೀರೆ ಮಡಿಕೆಯೊಳಗೆ ಅಮ್ಮ ನುಸಿ ಗುಳಿಗೆ ಇಡುತ್ತಾಳೆ. ಆರು ತಿಂಗಳಾದ ಮೇಲೆ ನೋಡಿದರೆ ಗುಳಿಗೆ ಇಲ್ಲ, ಬರೀ ಕಾಗದ. ಗುಳಿಗೆ ಹೋಯಿತಾ? ಬೀರು ತೆಗೆದು ಮೂಗು ಒಡ್ಡಿ ನೋಡಿ. ಹನಿಯೂ ಹಾಗೇ. ಕಣ್ಣಿಗೆ ಕಾಣೋದು ನಿಂತ ಮೇಲೆ ಅದರ ಗ್ಲೈಕಾಲು, ನಿಕೋಟಿನ್ನು, ಫ್ಲೇವರು ಗಾಳಿಯಲ್ಲಿ ಅನಿಲವಾಗಿ ಇರುತ್ತವೆ, ಇಲ್ಲವೇ ಗೋಡೆ, ಪರದೆ, ದಿಂಬಿನ ಮೇಲೆ ಕೂರುತ್ತವೆ. ಪ್ಯೂರಿಫೈಯರ್‌ನ ಹೆಪಾ ಫಿಲ್ಟರ್ ಕಣ ಹಿಡಿಯುತ್ತದೆ, ಅನಿಲ ಹಿಡಿಯುವುದಿಲ್ಲ. ಅದಕ್ಕೆ ಇದ್ದಿಲಿನ ಪದರ ಬೇರೆ ಬೇಕು. ನಮ್ಮದರಲ್ಲಿ ಇದ್ದಿಲು ಇದೆ, ಚಪಾತಿಗಿಂತ ತೆಳ್ಳಗೆ.

ಹೀಗೆ ತಲೆ ಕೆಟ್ಟು ಎರಡು ವಾರ ರಾತ್ರಿ ಕೂತು ಓದಿದೆ. (ಹೆಂಡತಿ ಕೇಳಿದಳು, "ಇಷ್ಟು ಓದೋ ಬದಲು ಹೋಗಿ ಅವನಿಗೆ ಒಂದು ಬೈಬಾರದಾ?") ಮ್ಯೂನಿಕ್‌ನಲ್ಲಿ ಕೆಲವರು ಕೆಫೆಯ ಹಾಗಿದ್ದ, ಗಾಳಿ ಚೆನ್ನಾಗಿ ಆಡುವ ಕೋಣೆಯಲ್ಲಿ 9 ಜನರನ್ನು ಸರದಿ ಪ್ರಕಾರ ಎರಡೆರಡು ಗಂಟೆ ಕೂರಿಸಿ ವೇಪ್ ಮಾಡಿಸಿದ್ದರು. ಪ್ರಕಟವಾದದ್ದು 2014ರಲ್ಲಿ. ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಎರಡೂವರೆ ಮೈಕ್ರಾನಿಗಿಂತ ಚಿಕ್ಕ ಕಣಗಳು, ಸರಾಸರಿ ಒಂದು ಘನ ಮೀಟರಿಗೆ 197 ಮೈಕ್ರೋಗ್ರಾಂ ಬಂತು. ವಿಶ್ವ ಆರೋಗ್ಯ ಸಂಸ್ಥೆ 24 ಗಂಟೆಯ ಸರಾಸರಿಗೆ ಹಾಕಿರುವ ಗೆರೆ 15. ನಮ್ಮ ದೇಶದ ಗೆರೆ 60.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು. ಅಮೆರಿಕದಲ್ಲಿ ಒಂದು ಹೋಟೆಲಿನ ದೊಡ್ಡ ಸಭಾಂಗಣದಲ್ಲಿ ಇ-ಸಿಗರೇಟ್ ಪ್ರಿಯರ ಎರಡು ದಿನದ ಮೇಳ ನಡೆದಿತ್ತು. ಸಂಶೋಧಕರು ಯಂತ್ರ ಹಿಡಿದು ಒಳಗೆ ಹೋದರು. ಮೇಳಕ್ಕೆ ಮುಂಚೆ ಆ ಹಾಲ್‌ನ ಪಿಎಂ 2.5 ಬರೀ 2ರಿಂದ 3. ಬೆಂಗಳೂರಿನಲ್ಲಿ ನಾವು ಕನಸಲ್ಲೂ ಕಾಣದ ಅಂಕಿ ಅದು. ಮೇಳ ನಡೆಯುವಾಗ 312ರಿಂದ 819. ಆ ಹಾಲ್ ಎಷ್ಟು ದೊಡ್ಡದು ಗೊತ್ತಾ? ಸುಮಾರು 4,000 ಘನ ಮೀಟರ್. ನಮ್ಮ ಹುಡುಗನ ರೂಮು ಹತ್ತಡಿ ಹನ್ನೊಂದಡಿ, ಎತ್ತರ ಹತ್ತಡಿ. ಹಾಕಿ ನೋಡಿದೆ, 31 ಘನ ಮೀಟರ್. ಅದರಲ್ಲಿ ಬೀರು, ಮಂಚ, ಒಣಗೋಕೆ ಹಾಕಿದ ಟವೆಲ್ಲು ಬೇರೆ. ಅಲ್ಲಿ ಒಟ್ಟಿಗೆ ಎಳೆಯುತ್ತಿದ್ದವರು 59ರಿಂದ 86 ಜನ, ಇಲ್ಲಿ ಒಬ್ಬ. ಆದರೆ ಜಾಗ ನೂರು ಪಟ್ಟಿಗೂ ಮೀರಿ ಚಿಕ್ಕದು, ಕಿಟಕಿಯೂ ಮುಚ್ಚಿದೆ.

ನಿಕೋಟಿನ್ ಲೆಕ್ಕದಲ್ಲಿ ಹುಡುಗನಿಗೆ ಸ್ವಲ್ಪ ಅಂಕ ಕೊಡಲೇಬೇಕು. 2014ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಸಿಗರೇಟು ಗಾಳಿಗೆ ಬಿಟ್ಟ ನಿಕೋಟಿನ್ ವೇಪಿನದಕ್ಕಿಂತ ಸುಮಾರು 10 ಪಟ್ಟು ಜಾಸ್ತಿ ಇತ್ತು. 2024ರಲ್ಲಿ ಲಂಡನ್ನಿನವರು ಅಮೆರಿಕದ 3ರಿಂದ 11 ವರ್ಷದ ಮಕ್ಕಳ ರಕ್ತ ಪರೀಕ್ಷೆಯ ದಾಖಲೆ ಜಾಲಾಡಿ, ಮನೆಯೊಳಗೆ ವೇಪ್ ಮಾಡುವವರಿದ್ದರೆ ಮಗುವಿನ ಮೈಗೆ ಸೇರುವ ನಿಕೋಟಿನ್ ಸಿಗರೇಟಿನ ಮನೆಗಿಂತ ಶೇಕಡಾ 84ರಷ್ಟು ಕಡಿಮೆ ಅಂತ ಹೇಳಿದರು. ಕಡಿಮೆ, ಆದರೆ ಸೊನ್ನೆ ಅಲ್ಲ. ಬಾರ್ಸಿಲೋನಾದಲ್ಲಿ ಮನೆಗಳನ್ನೇ ಅಳೆದಾಗಲೂ ಹೀಗೇ: ಯಾರೂ ಏನೂ ಸೇದದ ಮನೆಯ ಗಾಳಿಯಲ್ಲಿ ಘನ ಮೀಟರಿಗೆ 0.02 ಮೈಕ್ರೋಗ್ರಾಂ ನಿಕೋಟಿನ್, ವೇಪ್ ಮನೆಯಲ್ಲಿ 0.13, ಸಿಗರೇಟ್ ಮನೆಯಲ್ಲಿ 0.74. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 2,000ಕ್ಕೂ ಹೆಚ್ಚು ಹುಡುಗ ಹುಡುಗಿಯರನ್ನು 2014ರಿಂದ 2019ರ ತನಕ ಹಿಂಬಾಲಿಸಿ ಕೇಳಿದಾಗ, ಮನೆಯಲ್ಲಿ ಬೇರೆಯವರು ಬಿಟ್ಟ ವೇಪ್ ಕುಡಿಯುತ್ತಿದ್ದವರಲ್ಲಿ ಕೆಮ್ಮು ಕಫ, ಏದುಸಿರು ಹೆಚ್ಚು ಕಂಡಿತ್ತು. ನನಗೆ ಬೇಕಾಗಿದ್ದ ಸಾಲು ಅದು. ವೀಸಿಂಗ್ ಇರುವ ಮಗುವಿನ ಅಪ್ಪ ಇನ್ನೇನು ಹುಡುಕುತ್ತಾನೆ.

ಓದಿದ್ದನ್ನೆಲ್ಲ ಒಂದು ಭಾನುವಾರ ಹುಡುಗನ ಮುಂದೆ ಬಿಚ್ಚಿಟ್ಟೆ. ಅವನು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಹೇಳಿದ.

"ಮಾವ, ಅಜ್ಜಿ ಊದುಬತ್ತಿದು ಅಳೆದಿದೀರಾ?"

ಅಳೆದಿರಲಿಲ್ಲ. ಅಂದರೆ, ದಿನಾ ಸಂಜೆ ಪ್ಯೂರಿಫೈಯರ್ ಕೆಂಪಾಗುತ್ತಿತ್ತು, ಅದನ್ನು ನಾನು ನೋಡುತ್ತಲೂ ಇದ್ದೆ. ಆದರೆ ಅದು ದೇವರ ಕೆಂಪು. ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅವತ್ತು ಮಧ್ಯಾಹ್ನ ಮಗಳನ್ನು ಹೆಂಡತಿಯ ಜೊತೆ ಪಾರ್ಕಿಗೆ ಕಳಿಸಿ ನಾವಿಬ್ಬರೂ ಪರೀಕ್ಷೆಗೆ ಕೂತೆವು. ಹುಡುಗನ ಸ್ನೇಹಿತನ ಹತ್ತಿರ ಅಂಗೈಯಗಲದ ಒಂದು ಪಿಎಂ ಮೀಟರ್ ಇತ್ತು, ಅಗ್ಗದ್ದು. ಅದನ್ನು ತಂದ. ರೂಮಿನ ಬಾಗಿಲು ಕಿಟಕಿ ಹಾಕಿ, ಮೀಟರನ್ನು ಸ್ಟೂಲ್ ಮೇಲಿಟ್ಟೆವು. ಸುಮ್ನೆ ಇದ್ದಾಗ 34. ಅವನು ಐದಡಿ ದೂರ ಕೂತು ಮೂರು ಸಲ ಎಳೆದು ಬಿಟ್ಟ. ಬಿಳಿ ಮೋಡ ಎದ್ದು ಟ್ಯೂಬ್‌ಲೈಟಿನ ಕೆಳಗೆ ಚಪ್ಪಟೆಯಾಗಿ ಹರಡಿತು. ಅಂಕಿ 520ಕ್ಕೆ ನೆಗೆಯಿತು. ಒಂದು ನಿಮಿಷಕ್ಕೆ 210. ನಾಲ್ಕು ನಿಮಿಷಕ್ಕೆ 60. "ನೋಡಿ, ಹೋಯ್ತು" ಅಂದ. ರೂಮಿನ ತುಂಬ ಮಾವಿನಹಣ್ಣು ಘಂ ಅನ್ನುತ್ತಿತ್ತು.

ಕಿಟಕಿ ತೆಗೆದು, ಗಾಳಿ ಬದಲಾಯಿಸಿ, ಆಮೇಲೆ ಎರಡು ಊದುಬತ್ತಿ. ಇದು ನೆಗೆಯಲಿಲ್ಲ, ಹತ್ತಿತು. 90, 140, 230. ಕಡ್ಡಿ ಆರಿದಾಗ 380. ಅರ್ಧ ಗಂಟೆಯಾದರೂ 250ರ ಕೆಳಗೆ ಬರಲಿಲ್ಲ. ಸೊಳ್ಳೆ ಬತ್ತಿಯ ಸುರುಳಿ ಹಚ್ಚಿದ್ದು ಬರೀ ಹತ್ತು ನಿಮಿಷ. ಮೀಟರಿನ ಮೂರು ಅಂಕಿಯೂ ತುಂಬುವ ಹಾಗೆ ಕಂಡಿತು, ನಾವೇ ಕೆಮ್ಮುತ್ತಾ ಆರಿಸಿದೆವು. ಇದು ನಮ್ಮ ಅಗ್ಗದ ಮೀಟರಿನ ತಪ್ಪೇನಲ್ಲ. 2003ರಲ್ಲೇ ಪ್ರಕಟವಾದ ಒಂದು ಲೆಕ್ಕದ ಪ್ರಕಾರ ಒಂದು ಸೊಳ್ಳೆ ಸುರುಳಿ ಪೂರ್ತಿ ಉರಿದರೆ ಬರುವ ಪಿಎಂ 2.5, 75ರಿಂದ 137 ಸಿಗರೇಟಿಗೆ ಸಮ. ಓದಿ ನಾನು ಎರಡೆರಡು ಸಲ ನೋಡಿದೆ. ನಾನು ಹುಟ್ಟಿದ್ದು ಬೆಳೆದದ್ದು ಮಂಚದ ಕೆಳಗೆ ಆ ಸುರುಳಿ ಉರಿಯುತ್ತಿದ್ದ ಮನೆಯಲ್ಲಿ.

ಎಲ್ಲ ಪಿಎಂ ಒಂದೇ ಅಲ್ಲ ಅನ್ನೋದು ನನಗೆ ಗೊತ್ತು. ಉರಿದು ಬಂದ ಮಸಿ ಬೇರೆ, ಗ್ಲೈಕಾಲ್ ಹನಿ ಬೇರೆ. ಮೀಟರಿಗೆ ಎರಡೂ ಒಂದೇ ಬೆಳಕಿನ ಚುಕ್ಕಿ, ಹನಿಯ ತೂಕವನ್ನು ಅದು ಸರಿಯಾಗಿ ಹೇಳೋದೂ ಇಲ್ಲ. ಊದುಬತ್ತಿಯಲ್ಲಿ ನಿಕೋಟಿನ್ ಇಲ್ಲ, ಅದು ಚಟ ಹಿಡಿಸೋದಿಲ್ಲ. ಇದನ್ನೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ವಕೀಲನ ದನಿಯಾಗಿದ್ದು ನನಗೇ ಕೇಳಿಸಿತು.

"ಇಂಗ್ಲೆಂಡ್‌ನಲ್ಲಿ ಗೌರ್ಮೆಂಟೇ ಫ್ರೀ ಕೊಡುತ್ತೆ ಮಾವ" ಅಂತ ಅವನು ಇನ್ನೊಂದು ಎಸೆದ. ಅದೂ ಸುಳ್ಳಲ್ಲ. 2023ರಲ್ಲಿ ಅಲ್ಲಿನ ಸರ್ಕಾರ 10 ಲಕ್ಷ ಜನರಿಗೆ ವೇಪ್ ಕಿಟ್ ಕೊಡುವ ಯೋಜನೆ ಹೇಳಿತ್ತು. ಸಿಗರೇಟು ಸೇದುವವರಿಗೆ, ಸಿಗರೇಟು ಬಿಡಿಸೋಕೆ.

"ನೀನು ಮೊದಲು ಸಿಗರೇಟು ಸೇದ್ತಿದ್ಯಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಇಲ್ಲ."

ಅಲ್ಲಿಗೆ ಇಬ್ಬರೂ ಸಮ ಸಮ ಆದೆವು.

ಹುಡುಗನ ಕೈಯಲ್ಲಿದ್ದ ಆ ವಸ್ತುವನ್ನು ತಿರುಗಿಸಿ ನೋಡಿದೆ. ಮೈಮೇಲೆ 5% ನಿಕೋಟಿನ್ ಅಂತ ಇತ್ತು. ಅಂದರೆ ಮಿಲಿಲೀಟರಿಗೆ 50 ಮಿಲಿಗ್ರಾಂ. ಯುರೋಪಿನ ಕಾನೂನು 20 ದಾಟೋಕೆ ಬಿಡುವುದಿಲ್ಲ. ಉಳಿದ ಬರಹವೆಲ್ಲ ಚೀನೀ ಅಕ್ಷರ. ತಯಾರಿಸಿದವರು ಯಾರು, ಒಳಗೇನಿದೆ, ಏನಾದರೂ ಆದರೆ ಯಾರನ್ನು ಕೇಳಬೇಕು, ಒಂದೂ ಇಲ್ಲ. ಇರುವುದೂ ಹೇಗೆ? ಕರ್ನಾಟಕ ಇದರ ಮಾರಾಟವನ್ನು 2016ರ ಜೂನ್‌ನಲ್ಲೇ ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ತಂದು, ಡಿಸೆಂಬರ್‌ನಲ್ಲಿ ಕಾಯಿದೆ ಮಾಡಿತು. ಮಾರಿದವನಿಗೆ ಮೊದಲ ಸಲ 1 ವರ್ಷದ ತನಕ ಜೈಲು, ಇಲ್ಲವೇ 1 ಲಕ್ಷದ ತನಕ ದಂಡ, ಇಲ್ಲವೇ ಎರಡೂ. ಮಾಡುವುದು, ಮಾರುವುದು, ತರಿಸುವುದು, ಕೂಡಿಡುವುದು, ಜಾಹೀರಾತು ಹಾಕುವುದು ಎಲ್ಲ ಅದರಲ್ಲಿದೆ. ಎಳೆಯುವುದನ್ನು ಮಾತ್ರ ಅದು ಹೆಸರಿಸುವುದಿಲ್ಲ. ಹಾಗಾಗಿ ವಸ್ತು ಫೋನಿನ ಮೆಸೇಜಿನಲ್ಲಿ ಕದ್ದು ಬರುತ್ತದೆ, ಬಾಗಿಲು ಹಾಕಿಕೊಂಡು ಕದ್ದು ಮುಗಿಯುತ್ತದೆ.

ಇಲ್ಲೇ ನನಗೆ ಹೊಳೆದದ್ದು. ಸಿಗರೇಟು ಸೇದುವವನು ಟೀ ಅಂಗಡಿ ಮುಂದೆ ನಿಲ್ಲುತ್ತಾನೆ. ಮನೆಗೆ ಬಂದರೆ ಬಾಲ್ಕನಿ, ಇಲ್ಲ ಟೆರೇಸು. ಅವನನ್ನು ಹೊರಗೆ ಹಾಕೋದು ಕಾನೂನಿಗಿಂತ ಹೆಚ್ಚಾಗಿ ಅವನ ಬಟ್ಟೆಯ ನಾತ. ವೇಪಿಗೆ ಆ ನಾತ ಇಲ್ಲ. ಅದಕ್ಕೇ ಅದು ಒಳಗೆ ಬರುತ್ತದೆ: ರೂಮಿಗೆ, ಬಾತ್‌ರೂಮಿಗೆ, ಎಸಿ ಕ್ಯಾಬಿಗೆ, ಆಫೀಸಿನ ಮೀಟಿಂಗ್ ರೂಮಿಗೆ. ವಾಸನೆ ಸಿಹಿಯಾಗಿದ್ದರೆ ಮೂಗು ಕಾವಲು ಬಿಟ್ಟು ಮಲಗುತ್ತದೆ. ನಾನೇ ಐದು ದಿನ ಶಾಂಪೂ ಅಂದುಕೊಂಡಿದ್ದೆನಲ್ಲ.

ನಮ್ಮಂಥ ಮನೆಯೊಳಗಿಂದ ಹೊಗೆಯನ್ನು ಹೊರಗೆ ಹಾಕೋಕೆ ಎಷ್ಟು ಕಾಲ ಹಿಡಿಯಿತು ಅಂತ ನೆನಪಾಯಿತು. ತಿಪಟೂರಿನ ಹತ್ತಿರದ ನಮ್ಮ ಊರಿನ ಮನೆಯಲ್ಲಿ ಸೌದೆ ಒಲೆ ಇತ್ತು. ಅಮ್ಮ ಊದುಗೊಳವೆ ಹಿಡಿದು ಕಣ್ಣೀರು ಸುರಿಸುತ್ತಾ ಊದುತ್ತಿದ್ದಳು. ಅಡುಗೆಮನೆಯ ಹೆಂಚು ಒಳಗಿಂದ ಡಾಂಬರು ಬಳಿದ ಹಾಗಿತ್ತು. ಆಮೇಲೆ ಗ್ಯಾಸ್ ಬಂತು. ಅಪ್ಪನದು ಬೀಡಿ. ನಡುಮನೆಯಲ್ಲಿ, ಕ್ಯಾಲೆಂಡರ್ ಕೆಳಗಿನ ಕುರ್ಚಿಯಲ್ಲಿ ಕೂತು ಸೇದುತ್ತಿದ್ದರು. ಯುಗಾದಿಗೆ ಸುಣ್ಣ ಹೊಡೆಯೋಕೆ ಗೋಡೆಯ ಫೋಟೋ ಇಳಿಸಿದರೆ, ಫೋಟೋ ಇದ್ದ ಕಡೆ ಚೌಕಾಕಾರದ ಬೆಳ್ಳಗಿನ ಗೋಡೆ, ಸುತ್ತ ಎಲ್ಲ ಚಹಾ ಬಣ್ಣ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಕಂದು. ನಾನು ಅದನ್ನು ಧೂಳು ಅಂದುಕೊಂಡಿದ್ದೆ. ಅಪ್ಪ ಉಸಿರು ಬಿಟ್ಟದ್ದು ವರ್ಷಗಟ್ಟಲೆ ಗೋಡೆಯಲ್ಲಿ ಕೂತಿತ್ತು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯವರು 2010ರಲ್ಲಿ ತೋರಿಸಿದ್ದು ಇದರ ಮುಂದಿನ ಕಥೆ: ಮೇಲ್ಮೈಗಳ ಮೇಲೆ ಕೂತ ನಿಕೋಟಿನ್ ಸುಮ್ಮನೆ ಕೂರುವುದಿಲ್ಲ. ಗ್ಯಾಸ್ ಒಲೆಯಂಥವು ಬಿಡುವ ನೈಟ್ರಸ್ ಆಮ್ಲದ ಜೊತೆ ಸೇರಿ ನೈಟ್ರೊಸಮೀನ್ ಅನ್ನುವ ಕ್ಯಾನ್ಸರ್ ತರುವ ಜಾತಿಯ ವಸ್ತುಗಳಾಗುತ್ತದೆ. ಬೀಡಿಯ ನಿಕೋಟಿನ್‌ಗೂ ಮಾವಿನಹಣ್ಣಿನ ಹೊಗೆಯ ನಿಕೋಟಿನ್‌ಗೂ ವ್ಯತ್ಯಾಸವಿಲ್ಲ. ವೇಪಿನಲ್ಲಿ ಟಾರ್ ಇಲ್ಲದ್ದರಿಂದ ಗೋಡೆ ಚಹಾ ಬಣ್ಣಕ್ಕೆ ತಿರುಗುವುದಿಲ್ಲ, ಅಷ್ಟೇ.

ಅಪ್ಪನ ಬೀಡಿ ನಡುಮನೆಯಿಂದ ಜಗಲಿಗೆ ಹೋದದ್ದು ಯಾವ ಸರ್ಕಾರದ ಆದೇಶದಿಂದಲೂ ಅಲ್ಲ. ಅದನ್ನು ಹುಡುಗನಿಗೆ ಹೇಳಿದ್ದು ನಾನಲ್ಲ, ಅಮ್ಮ. ನಮ್ಮ ಪರೀಕ್ಷೆಯ ಕೆಮ್ಮಿಗೆ ಎದ್ದು ಬಂದಿದ್ದಳು. ಬಾಗಿಲಲ್ಲಿ ನಿಂತು ಮೀಟರು, ಅರ್ಧ ಉರಿದ ಊದುಬತ್ತಿ, ಸೊಳ್ಳೆ ಸುರುಳಿ, ಹಳದಿ ಬಣ್ಣದ ವಸ್ತು ಎಲ್ಲ ಒಂದೊಂದೇ ನೋಡಿದಳು. ಏನು ಎತ್ತ ಅಂತ ಕೇಳಿ ತಿಳಿದುಕೊಂಡಳು.

"ನಿಮ್ಮಮ್ಮ ಬಾಣಂತನಕ್ಕೆ ಬಂದಿದ್ಳಲ್ಲ, ಆಗ ನೀನು ಹದಿನೈದು ದಿನದ ಕೂಸು. ರೀ, ಕೂಸಿರೋ ಮನೆ, ಹೊರಗೋಗಿ ಸೇದಿ ಅಂತ ನಿಮ್ಮ ತಾತನ ಕುರ್ಚಿ ಎತ್ತಿ ಜಗಲಿಗೆ ಹಾಕ್ದೆ. ಮದುವೆಯಾಗಿ ಮೂವತ್ತು ವರ್ಷಕ್ಕೆ ಅವರಿಗೆ ನಾನು ಹೇಳಿದ ಮೊದಲನೇ ಮಾತು ಕಣೋ ಅದು. ಆಮೇಲೆ ಅವರು ಸಾಯೋ ತನಕ ಒಳಗೆ ಸೇದಲಿಲ್ಲ."

ಹುಡುಗ ಏನೂ ಹೇಳಲಿಲ್ಲ. ಮೀಟರನ್ನು ಆಫ್ ಮಾಡಿ, ಆನ್ ಮಾಡಿ, ಮತ್ತೆ ಆಫ್ ಮಾಡಿದ.

ಆಮೇಲೆ ನಡೆದದ್ದು ಪಕ್ಕಾ ಸಂತೆ ಚೌಕಾಸಿ. ಅಮ್ಮ ಎರಡು ಕಡ್ಡಿಯಿಂದ ಒಂದಕ್ಕೆ ಇಳಿದಳು, ಅದನ್ನೂ ಕಿಟಕಿ ಮುಚ್ಚುವ ಮೊದಲೇ, ಐದು ಗಂಟೆಗೆ ಹಚ್ಚುವುದು ಅಂತಾಯಿತು. "ದೇವರಿಗೆ ಟೈಮ್ ಚೇಂಜ್ ಆದ್ರೆ ಏನೂ ಬೇಜಾರಿಲ್ಲ" ಅಂತ ಅವಳೇ ತೀರ್ಪು ಕೊಟ್ಟಳು. ಸೊಳ್ಳೆಗೆ ಕಿಟಕಿ ಮೆಶ್ ಹಾಕಿಸುವ ಖರ್ಚು ನನ್ನ ತಲೆಗೆ ಬಂತು. ಅಳತೆ ತೆಗೆದುಕೊಂಡು ಹೋದವನು ಬರೋಕೆ ಮೂರು ವಾರ ಮಾಡಿದ, ಅದು ಬೇರೆ ಕಥೆ. ಒಗ್ಗರಣೆ ಹಾಕುವಾಗ ಚಿಮಣಿ ಹಾಕುವುದು ಹೆಂಡತಿಯ ಪಾಲು. ಅವಳು ಪಾರ್ಕಿನಿಂದ ಬಂದಾಗ ಈ ಒಪ್ಪಂದದಲ್ಲಿ ತನ್ನ ಹೆಸರೂ ಇದ್ದದ್ದು ನೋಡಿ ಸ್ವಲ್ಪ ಸಿಟ್ಟು ಮಾಡಿಕೊಂಡಳು. ಹುಡುಗ ಒಳಗೆ ಪೂರ್ತಿ ನಿಲ್ಲಿಸುವುದು, ಆಮೇಲೆ ನಿಧಾನಕ್ಕೆ ಬಿಡುವುದು. ಮೊದಲನೆಯದನ್ನು ಅವತ್ತಿನಿಂದಲೇ ಮಾಡಿದ. ಎರಡನೆಯದರಲ್ಲಿ ಎರಡು ಸಲ ಬಿಟ್ಟು ಎರಡು ಸಲ ಹಿಡಿದಿದ್ದಾನೆ. 5% ನಿಕೋಟಿನ್ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಈಗ ಬಿಡಿಸುವ ಡಾಕ್ಟರ ಹತ್ತಿರ ಹೋಗೋಣ ಅಂತ ಅವನೇ ಅಂದಿದ್ದಾನೆ.

ಪ್ಯೂರಿಫೈಯರ್ ಈಗ ರಾತ್ರಿ ಹಸಿರಾಗೇ ಇರುತ್ತದೆ. ಹುಡುಗ ಬಾಲ್ಕನಿಯಲ್ಲಿ ನಿಲ್ಲುತ್ತಾನೆ. ನಮ್ಮದು ಎರಡನೇ ಮಹಡಿ.

ಹೋದ ವಾರ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಮೂರನೇ ಮಹಡಿಯ ಆಂಟಿ ಒಂದು ಮೆಸೇಜ್ ಹಾಕಿದ್ದರು. "ರಾತ್ರಿ ಹತ್ತು ಗಂಟೆಗೆ ನಮ್ಮ ಬೆಡ್‌ರೂಮಿಗೆ ಮಾವಿನಹಣ್ಣಿನ ವಾಸನೆ ಬರುತ್ತಿದೆ. ಈ ಸೀಸನ್ನಲ್ಲಿ ಯಾರ ಮನೆಯಲ್ಲಿ ಸಿಕ್ಕಿದೆ, ಎಲ್ಲಿ ತಂದಿರಿ ಅಂತ ದಯವಿಟ್ಟು ತಿಳಿಸಿ, ನಮ್ಮ ಯಜಮಾನರಿಗೆ ತುಂಬಾ ಇಷ್ಟ."

ಕೆಳಗೆ ನಾಲ್ಕು ಜನ ಕೈಮುಗಿಯುವ ಎಮೋಜಿ ಹಾಕಿದ್ದರು. ಐದನೆಯದು ನಮ್ಮಮ್ಮನದು.